ಹಡಗಿನ ಪ್ರಶ್ನೆ, ಕಾಪುವಿನ ಉತ್ತರ: ಐಸ್‌ಬ್ರೇಕರ್ ಬೆನ್ನಿಗೆ ಹೋಗುವುದು

(ಹಡಗಿನ ಚೀಫ್ ಇಂಜಿನಿಯರ್ ಆಗಿದ್ದು ಈಗ ಕಾಪುವಿನಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಓದುಗರಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ನನ್ನ ಮಗ ಡೆಕ್ ಕೆಡೆಟ್. ಜನವರಿಯಲ್ಲಿ ಅವನ ಹಡಗು ಫಿನ್ಲೆಂಡಿನ ಉತ್ತರದ ಬಂದರಿಗೆ ಹೋಗುತ್ತದಂತೆ. ಸಮುದ್ರ ಹೆಪ್ಪುಗಟ್ಟಿರುತ್ತದೆ, ಮುಂದೆ ಐಸ್‌ಬ್ರೇಕರ್ ದಾರಿ ಮಾಡುತ್ತದೆ, ಹಿಂದೆ ಸಾಲಾಗಿ ನಾವು ಹೋಗುತ್ತೇವೆ, ಹೆದರುವಂಥದ್ದು ಏನೂ ಇಲ್ಲ ಅನ್ನುತ್ತಾನೆ. ನಿಜವೇ? ಅವನ ಅಪ್ಪ ಯೂಟ್ಯೂಬಿನಲ್ಲಿ ಏನೇನೋ ನೋಡಿ ನನ್ನ ನಿದ್ದೆ ಕೆಡಿಸಿದ್ದಾರೆ.
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಅಕ್ಕಾ, ಮೊದಲು ಯೂಟ್ಯೂಬ್ ಬಂದ್ ಮಾಡಿಸಿ. ಬಾಲ್ಟಿಕ್ ಸಮುದ್ರದಲ್ಲಿ ಫಿನ್ಲೆಂಡ್, ಸ್ವೀಡನ್ ನಡುವೆ ಇರುವ ಬೋತ್ನಿಯಾ ಕೊಲ್ಲಿಯ ಮೇಲ್ತುದಿ ಪ್ರತಿ ಚಳಿಗಾಲವೂ ಹೆಪ್ಪುಗಟ್ಟುತ್ತದೆ. ಆದರೂ ಅಲ್ಲಿನ ದೊಡ್ಡ ಬಂದರುಗಳು ಚಳಿಗಾಲವಿಡೀ ಕೆಲಸ ಮಾಡುತ್ತವೆ. ಫಿನ್ಲೆಂಡ್, ಸ್ವೀಡನ್‌ನವರಿಗೆ ಇದು ದಿನದ ಕೆಲಸ. ಐಸ್ ದಪ್ಪವಾಗುತ್ತಾ ಹೋದ ಹಾಗೆ ಅವರು ನಿಯಮ ಬಿಗಿ ಮಾಡುತ್ತಾರೆ. ಸಾಕಷ್ಟು ಐಸ್ ಕ್ಲಾಸ್ (ಐಸನ್ನು ತಾಳುವ ಗಟ್ಟಿತನದ ದರ್ಜೆ) ಇಲ್ಲದ ಹಡಗಿಗೆ ಐಸ್‌ಬ್ರೇಕರ್ ಸಹಾಯವೇ ಸಿಗುವುದಿಲ್ಲ. ನಿಮ್ಮ ಮಗನನ್ನು ಒಂದು ಮಾತು ಕೇಳಿ: ಹಡಗು ಯಾವ ಕ್ಲಾಸ್? 1ಎ ಸೂಪರ್ ಅಥವಾ 1ಎ ಅಂದರೆ ಗಟ್ಟಿಮುಟ್ಟು. ಅದರ ಕೆಳಗೆ 1ಬಿ, 1ಸಿ.

ಆದರೆ 'ಹೆದರುವಂಥದ್ದು ಏನೂ ಇಲ್ಲ' ಅನ್ನುವುದು ಕೆಡೆಟ್ ಮಾತು. ಒಳ್ಳೆಯ ಕ್ಯಾಪ್ಟನ್ ಹಾಗೆ ಹೇಳುವುದಿಲ್ಲ.

ಐಸ್‌ಬ್ರೇಕರ್ ಹಿಂದೆ ಹೋಗುವ ಹಡಗಿಗೆ ಐಸಿಗಿಂತ ಜಾಸ್ತಿ ಅಪಾಯ ಐಸ್‌ಬ್ರೇಕರಿನಿಂದಲೇ. ಗಾಳಿಯ ಹೊಡೆತಕ್ಕೆ ಐಸಿನ ಹಲಗೆಗಳು ಒಂದರ ಮೇಲೊಂದು ಏರಿ ದಿಬ್ಬವಾಗಿ ಕೂತಿರುತ್ತವೆ. ಮೇಲೆ ಕಾಣುವುದು ಸ್ವಲ್ಪ, ನೀರಿನ ಕೆಳಗೆ ಇರುವುದು ಎಷ್ಟೋ ಪಾಲು. ಚೆನ್ನಾಗಿ ಓಡುತ್ತಿದ್ದ ಐಸ್‌ಬ್ರೇಕರ್ ಅಂಥದ್ದಕ್ಕೆ ಬಡಿದರೆ ನಿಂತೇ ಬಿಡುತ್ತದೆ. ಹಿಂದಿನ ಹಡಗಿಗೆ ಬ್ರೇಕ್ ಇಲ್ಲವಲ್ಲ. ಪಕ್ಕಕ್ಕೆ ಸರಿಯೋಣ ಅಂದರೆ ಎರಡೂ ಕಡೆ ಐಸಿನ ಗೋಡೆ. ಕೊನೆಗೆ ಬೇರೆ ದಾರಿಯೇ ಇಲ್ಲದಾಗ ಚುಕ್ಕಾಣಿ ತಿರುಗಿಸಿ ಆ ಗೋಡೆಗೇ ಮೂತಿ ತೂರಿಸುವವರೂ ಇದ್ದಾರೆ. ಮುಂದಿನ ಹಡಗಿಗೆ ಗುದ್ದುವುದಕ್ಕಿಂತ ಅದು ಎಷ್ಟೋ ವಾಸಿ.

ಹಾಗಾದರೆ ದೂರ ಇದ್ದರಾಯಿತು, ಅಲ್ವಾ? ಅದೂ ಆಗುವುದಿಲ್ಲ. ಗಾಳಿ ಐಸನ್ನು ದಡದ ಕಡೆ ಒತ್ತುತ್ತಿದ್ದರೆ ಒಡೆದ ದಾರಿ ನೋಡನೋಡುತ್ತಾ ಮುಚ್ಚಿಕೊಳ್ಳುತ್ತದೆ. ಹಿಂದುಳಿದ ಹಡಗು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಐಸ್‌ಬ್ರೇಕರ್ ವಾಪಸ್ ಬಂದು ಹಡಗಿನ ಪಕ್ಕವೇ ಹಾದು ಐಸ್ ಬಿಡಿಸಬೇಕು. ಎರಡು ಹಡಗು ಅಷ್ಟು ಹತ್ತಿರ ಬರುವುದು ಇನ್ನೊಂದು ಅಪಾಯ. 2009ರ ಮಾರ್ಚಿನಲ್ಲಿ ರಷ್ಯಾದ ಉತ್ತರಕ್ಕೆ, ಯೆನಿಸೈ ನದಿ ಸಮುದ್ರ ಸೇರುವ ಕಡೆ, ಯಮಾಲ್ ಎಂಬ ಪರಮಾಣು ಐಸ್‌ಬ್ರೇಕರಿಗೂ ಅದರ ಜೊತೆಗಿದ್ದ ಇಂಡಿಗಾ ಎಂಬ ಟ್ಯಾಂಕರಿಗೂ ಡಿಕ್ಕಿಯಾಯಿತು. ಟ್ಯಾಂಕರಿನ ಡೆಕ್ಕಿನಲ್ಲಿ ಒಂಬತ್ತು ಮೀಟರಿಗೂ ಉದ್ದದ ಬಿರುಕು. ಟ್ಯಾಂಕರ್ ಖಾಲಿ ಇದ್ದದ್ದು ಪುಣ್ಯ, ಎಣ್ಣೆ ಚೆಲ್ಲಲಿಲ್ಲ.

ಎಷ್ಟು ಅಂತರ ಇಡಬೇಕು ಅಂತ ಹೇಳುವವರು ಐಸ್‌ಬ್ರೇಕರಿನ ಕ್ಯಾಪ್ಟನ್. ಕೇಬಲ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೇಬಲ್ ಅಂದರೆ ಸುಮಾರು 185 ಮೀಟರ್. ಐಸ್ ಬದಲಾದ ಹಾಗೆ ಅಂತರವೂ ಬದಲಾಗುತ್ತದೆ. ವೈರ್‌ಲೆಸ್ ಕಿವಿಯಲ್ಲೇ ಇರಬೇಕು. ಅದು ಕೈಕೊಟ್ಟರೆ ಸೀಟಿಯ ಸಂಕೇತಗಳಿವೆ. ನಾಲ್ಕು ಗಿಡ್ಡ, ಒಂದು ಉದ್ದ ಸೀಟಿ ಕೇಳಿದರೆ 'ನಿಲ್ಲು, ನಾನು ಐಸಿನಲ್ಲಿ ಸಿಕ್ಕಿಕೊಂಡಿದ್ದೇನೆ' ಅಂತ ಅರ್ಥ. ಒಂದು ಉದ್ದ, ಒಂದು ಗಿಡ್ಡ ಅಂದರೆ 'ಇಂಜಿನ್ ನಿಲ್ಲಿಸು'. ಬರೇ ನಾಲ್ಕು ಗಿಡ್ಡ ಅಂದರೆ 'ಇಂಜಿನ್ ಹಿಂದಕ್ಕೆ ಹಾಕು'. ನಿಮ್ಮ ಮಗ ಇವನ್ನು ಬಾಯಿಪಾಠ ಮಾಡಿದ್ದಾನಾ, ಫೋನಿನಲ್ಲಿ ಕೇಳಿ ನೋಡಿ.

ಈಗ ಹಡಗಿನ ಕೆಳಗೆ, ಇಂಜಿನ್ ರೂಮಿನ ವಿಷಯ. ಬ್ರಿಡ್ಜಿನವರು, ಅಂದರೆ ಮೇಲೆ ನಿಂತು ಹಡಗು ನಡೆಸುವವರು, ಇದನ್ನು ಸುಲಭವಾಗಿ ಮರೆಯುತ್ತಾರೆ. 'ಹಿಂದಕ್ಕೆ ಹಾಕು' ಅಂದರೆ ಹಾಕಬೇಕಾದವರು ಇಂಜಿನ್ ರೂಮಿನವರು. ದೊಡ್ಡ ಹಡಗಿನ ಇಂಜಿನ್ ನೇರವಾಗಿ ಪ್ರೊಪೆಲ್ಲರಿಗೆ ಜೋಡಿಸಿರುತ್ತದೆ, ಗೇರ್ ಇಲ್ಲ. ನಿಲ್ಲಿಸಿ, ಒತ್ತಡದ ಗಾಳಿ ಬಿಟ್ಟು, ಉಲ್ಟಾ ಸ್ಟಾರ್ಟ್ ಮಾಡಬೇಕು. ಆ ಗಾಳಿ ಸಿಲಿಂಡರಿನಲ್ಲಿ ತುಂಬಿಟ್ಟದ್ದು. ಹೊಸದಾಗಿ ತುಂಬದೆ ಹನ್ನೆರಡು ಸಲ ಸ್ಟಾರ್ಟ್ ಆಗುವಷ್ಟು ಇರಬೇಕು ಅಂತ ನಿಯಮ. ಐಸಿನಲ್ಲಿ ಮುಂದೆ, ನಿಲ್ಲು, ಹಿಂದೆ, ನಿಲ್ಲು ಅಂತ ಬ್ರಿಡ್ಜಿನ ಆದೇಶ ಕೆಳಗೆ ಮುಟ್ಟಿಸುವ ಟೆಲಿಗ್ರಾಫ್ ಬಡಿಯುತ್ತಲೇ ಇರುವಾಗ ಹನ್ನೆರಡು ಎಲ್ಲಿಗೆ ಸಾಲುತ್ತದೆ? ಗಾಳಿ ತುಂಬುವ ಕಂಪ್ರೆಸರ್ ಓಡುತ್ತಲೇ ಇರಬೇಕು. ಅಲ್ಲಿಗೇ ಓಡಾಡುವ ಸಣ್ಣ ಹಡಗುಗಳಲ್ಲಿ ಪ್ರೊಪೆಲ್ಲರಿನ ಎಲೆಗಳನ್ನೇ ತಿರುಗಿಸಿ ಹಿಂದಕ್ಕೆ ಹೋಗುವ ವ್ಯವಸ್ಥೆ ಇರುವುದೇ ಜಾಸ್ತಿ. ಅದು ಬೇಗ ಆಗುತ್ತದೆ.

ಇನ್ನೊಂದು, ನೀರು. ಇಂಜಿನ್ ತಂಪಾಗಿಡಲು ಸಮುದ್ರದ ನೀರನ್ನೇ ಎಳೆಯುತ್ತೇವೆ. ಖಾಲಿ ಹಡಗು ಮೇಲೆ ತೇಲುವಾಗ ಎಳೆಯುವ ಬಾಯಿ ಐಸ್ ಪುಡಿಯ ಮಟ್ಟಕ್ಕೇ ಬರುತ್ತದೆ. ನಾನಿದ್ದ ಒಂದು ಬಲ್ಕ್ ಕ್ಯಾರಿಯರಿನಲ್ಲಿ ಸರಿರಾತ್ರಿ ಪಂಪಿನ ಪ್ರೆಶರ್ ಮುಳ್ಳು ಕುಣಿಯತೊಡಗಿತು. ಆಮೇಲೆ ನೀರಿನ ಉಷ್ಣತೆ ಏರಿತು. ನೀರು ಸೋಸುವ ಸ್ಟ್ರೈನರಿನ ಮುಚ್ಚಳ ಬಿಚ್ಚಿ ನೋಡಿದರೆ ಮಲ್ಪೆ ದಕ್ಕೆಯಲ್ಲಿ ಮೀನಿನ ಮೇಲೆ ಸುರಿಯುವ ಪುಡಿ ಐಸಿನ ಹಾಗೆ ಗಿಜಿಗಿಜಿ ತುಂಬಿತ್ತು. ಕೈಯಲ್ಲೇ ಬಾಚಿ ಬಕೆಟಿಗೆ ಹಾಕಿದೆವು. ಇಂಜಿನ್ನಿನಿಂದ ಬಿಸಿಯಾಗಿ ಹೊರಹೋಗುವ ನೀರನ್ನೇ ತಿರುಗಿ ಎಳೆಯುವ ಪೆಟ್ಟಿಗೆಗೆ ಬಿಡುವ ವಾಲ್ವ್ ಇರುತ್ತದೆ. ಐಸಿಗೆ ಹೋಗುವ ಮೊದಲೇ ಅದು ತೆರೆಯುತ್ತದಾ ಅಂತ ತಿರುಗಿಸಿ ನೋಡಬೇಕು, ವರ್ಷಗಟ್ಟಲೆ ಮುಟ್ಟದೆ ತುಕ್ಕು ಹಿಡಿದಿರುತ್ತದೆ. ಸಾಲಿನ ಮಧ್ಯೆ ಇಂಜಿನ್ ನಿಂತ ಹಡಗು ತನಗೆ ಮಾತ್ರ ಅಲ್ಲ, ಹಿಂದಿನವನಿಗೂ ಕಂಟಕ.

ನಿಮ್ಮ ಕೈಲಾಗುವುದು: ಉಣ್ಣೆಯ ಕಾಲುಚೀಲ, ಒಳಗಿನ ಕೈಗವಸು ಎರಡೆರಡು ಜೊತೆ ಕಳಿಸಿ. ಕಂಪನಿಯವರು ಕೊಡುವುದು ಮೇಲಿನ ಜಾಕೆಟ್. ಬರಿಗೈಯಲ್ಲಿ ಕಬ್ಬಿಣ ಮುಟ್ಟಬೇಡ ಅಂತ ಹೇಳಿ.

ಪ್ರಶ್ನೆ: ನಮ್ಮ ಬೋಟಿನ ಇಂಜಿನ್ ಕೆಟ್ಟರೆ ಇನ್ನೊಂದು ಬೋಟು ಉದ್ದ ಹಗ್ಗ ಹಾಕಿ ಎಳೆದು ತರುತ್ತದೆ. ಐಸಿನಲ್ಲಿ ಸಿಕ್ಕಿದ ಹಡಗನ್ನೂ ಹಾಗೆಯೇ ಎಳೆಯುತ್ತಾರಾ?
– ಒಬ್ಬ ತಾಂಡೇಲ, ಮಲ್ಪೆ

ಉತ್ತರ: ಪೂರಾ ಉಲ್ಟಾ ಮಾರಾಯ್ರೆ. ನಮ್ಮ ಕಡೆ ಅಲೆಗೆ ಹಗ್ಗ ಜಗ್ಗಿ ಕಡಿಯಬಾರದು ಅಂತ ಉದ್ದ ಬಿಡುತ್ತೇವೆ. ಅಲ್ಲಿ ಅಲೆಯೇ ಇಲ್ಲ. ಬಾಲ್ಟಿಕ್ ಕಡೆಯ ಐಸ್‌ಬ್ರೇಕರುಗಳ ಹಿಂಭಾಗದಲ್ಲಿ ಒಂದು ಕಚ್ಚು ಇರುತ್ತದೆ, ಸುತ್ತ ದಪ್ಪ ರಬ್ಬರ್. ಹಿಂದಿನ ಹಡಗಿನ ಮೂತಿಯನ್ನು ವಿಂಚ್‌ನಿಂದ ಎಳೆದು ಅದರೊಳಗೇ ಕೂರಿಸಿ ಬಿಗಿಯುತ್ತಾರೆ. ಎರಡೂ ಒಂದೇ ಹಡಗಾದ ಹಾಗೆ. ಆಗ ಮುಂದಿನದು ನಿಂತರೂ ಗುದ್ದುವ ಪ್ರಶ್ನೆಯಿಲ್ಲ, ಮಧ್ಯೆ ಜಾಗವೇ ಇಲ್ಲವಲ್ಲ. ಮೂತಿಯ ಕೆಳಗೆ ಬಲ್ಬಿನಂತೆ ತುಂಬಾ ಮುಂದಕ್ಕೆ ಚಾಚಿದ ಹಡಗುಗಳಿಗೆ ಇದು ಆಗಿಬರುವುದಿಲ್ಲ. ಆ ಬಲ್ಬ್ ಹೋಗಿ ಐಸ್‌ಬ್ರೇಕರಿನ ಪ್ರೊಪೆಲ್ಲರಿಗೇ ತಾಗಬಹುದು.

ಈ ಕೆಲಸದಲ್ಲಿ ಅಪಾಯ ಇರುವುದು ಮೂತಿಯ ಡೆಕ್ಕಿನಲ್ಲಿ ನಿಂತವರಿಗೆ. ಬಿಗಿಯಾದ ವೈರ್ ಕಡಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವೈರ್ ಹಾಕಿ ಆದ ಮೇಲೆ ಅಲ್ಲಿ ಒಬ್ಬನೂ ನಿಲ್ಲಬಾರದು. ಸುರತ್ಕಲ್ಲಿನ ಅಕ್ಕ ಇದನ್ನೂ ಓದಲಿ, ಆ ಕೆಲಸಕ್ಕೆ ಕಳಿಸುವುದು ಕೆಡೆಟ್‌ಗಳನ್ನೇ.

ಪ್ರಶ್ನೆ: ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತರುವಂಥ ದೊಡ್ಡ ಟ್ಯಾಂಕರುಗಳೂ ಐಸಿನಲ್ಲಿ ಹೋಗುತ್ತವಾ?
– ಓದುಗ, ಕೂಳೂರು

ಉತ್ತರ: ಹೋಗುತ್ತವೆ. ಫಿನ್ಲೆಂಡ್ ಕೊಲ್ಲಿಯಲ್ಲಿ ಪ್ರಿಮೋರ್ಸ್ಕ್ ಎಂಬ ರಷ್ಯಾದ ಎಣ್ಣೆ ಬಂದರಿದೆ. ತೊಂದರೆ ಅಗಲದ್ದು. ಫಿನ್ಲೆಂಡಿನ ಪೊಲಾರಿಸ್ ಎಂಬ ಐಸ್‌ಬ್ರೇಕರ್ 24 ಮೀಟರ್ ಅಗಲ, ಆ ದೊಡ್ಡ ಟ್ಯಾಂಕರ್ 40 ದಾಟುತ್ತದೆ. ಒಂದೇ ಐಸ್‌ಬ್ರೇಕರ್ ಮಾಡಿದ ದಾರಿ ಟ್ಯಾಂಕರಿನ ಭುಜಕ್ಕೇ ಸಾಲುವುದಿಲ್ಲ. ಅದಕ್ಕೆ ಎರಡು ಐಸ್‌ಬ್ರೇಕರ್ ಹಾಕುತ್ತಾರೆ, ಒಂದರ ಹಾದಿಯ ಪಕ್ಕಕ್ಕೆ ಇನ್ನೊಂದು.

ಪ್ರಶ್ನೆ: ನಾನು ನಾಟಿಕಲ್ ಸೈನ್ಸ್ ವಿದ್ಯಾರ್ಥಿ. ಬಾಲ್ಟಿಕ್‌ಗೆ ಹೋಗಬೇಕಾದರೆ ಪೋಲಾರ್ ಕೋರ್ಸ್ ಕಡ್ಡಾಯವೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಅಲ್ಲ. 2017ರ ಜನವರಿ 1ರಿಂದ ಜಾರಿಯಲ್ಲಿರುವ ಪೋಲಾರ್ ಕೋಡ್ (ಧ್ರುವದ ನೀರಿಗೆ ಹೋಗುವ ಹಡಗುಗಳ ಅಂತರರಾಷ್ಟ್ರೀಯ ನಿಯಮ) ಆರ್ಕ್‌ಟಿಕ್, ಅಂಟಾರ್ಕ್‌ಟಿಕ್ ನೀರಿಗೆ ಮಾತ್ರ. ಬಾಲ್ಟಿಕ್ ಅದರಲ್ಲಿ ಬರುವುದಿಲ್ಲ, ಐಸ್ ಎಷ್ಟೇ ಇದ್ದರೂ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆದರೆ ನಿಯಮ ಹಾಗಿದೆ. ಈಗಲೇ ಕೈಯಿಂದ ದುಡ್ಡು ಹಾಕಿ ಕೋರ್ಸ್ ಮಾಡಬೇಡಿ. ಆ ಕಡೆ ಕಳಿಸುವ ಕಂಪನಿ ಸಿಕ್ಕಿದರೆ ಖರ್ಚು ಅವರದ್ದೇ ಆಗಲಿ.