ಖಾತೆಗೆ ಬಂದದ್ದೆಲ್ಲ ಸಂಬಳವಲ್ಲ

"ಕೆಲಸ ಬಿಟ್ಟ ಮೇಲೂ ಎರಡು ತಿಂಗಳು ಹಳೆಯ ಸಂಸ್ಥೆ ನನ್ನ ಖಾತೆಗೆ ಸಂಬಳ ಹಾಕಿತು. ಈಗ ವಾಪಸು ಕೇಳುತ್ತಿದೆ. ತಪ್ಪು ಅವರದು, ಹಣ ಖರ್ಚಾಗಿದೆ. ನಾನೇಕೆ ಕೊಡಬೇಕು?" – ಓದುಗರೊಬ್ಬರು

ಕೊಡಲೇಬೇಕು. ನೀವು ಏನನ್ನೂ ಮುಚ್ಚಿಡದೆ ಬರೆದಿದ್ದೀರಿ. ಅಂಥವರೊಡನೆ ಸುತ್ತಿಬಳಸಿ ಮಾತನಾಡುವ ಅಗತ್ಯವಿಲ್ಲ.

'ತಪ್ಪು ಅವರದು' ಎಂಬ ವಾದ ಬಹಳ ಹಳೆಯದು. 1841ರಲ್ಲಿ ಇಂಗ್ಲೆಂಡಿನಲ್ಲಿ ಕೆಲ್ಲಿ ವಿರುದ್ಧ ಸೋಲಾರಿ ಎಂಬ ಮೊಕದ್ದಮೆ ನಡೆಯಿತು. ಕಂತು ಕಟ್ಟದೆ ರದ್ದಾಗಿದ್ದ ಜೀವವಿಮೆಯ ಹಣವನ್ನು ಕಂಪನಿಯ ನಿರ್ದೇಶಕರು, ಅದು ರದ್ದಾದದ್ದನ್ನೇ ಮರೆತು, ತೀರಿಕೊಂಡವನ ಪತ್ನಿಗೆ ಕೊಟ್ಟಿದ್ದರು. ಮರೆತವರು ಹಣವಂತರು, ಎದುರಿಗೆ ನಿಂತವಳು ವಿಧವೆ. ಆದರೂ ನ್ಯಾಯಾಧೀಶರು ಮರುಕಕ್ಕೆ ಮಣಿಯಲಿಲ್ಲ. ಸಂಗತಿಯನ್ನು ಮರೆತು ಕೊಟ್ಟ ಹಣವನ್ನು, ಕೊಟ್ಟವನು ಎಷ್ಟೇ ಅಜಾಗರೂಕನಾಗಿದ್ದರೂ, ಮರಳಿ ಕೇಳಬಹುದು ಎಂದರು. ಇನ್ನೊಬ್ಬರ ನಷ್ಟದಿಂದ ಯಾರೂ ಸಿರಿವಂತರಾಗುವುದು ಸಹಜ ನ್ಯಾಯವಲ್ಲವೆಂದು ರೋಮಿನ ನ್ಯಾಯಶಾಸ್ತ್ರಜ್ಞ ಪೊಂಪೋನಿಯಸ್ ಅದಕ್ಕೂ ಎಷ್ಟೋ ಶತಮಾನ ಮೊದಲೇ ಹೇಳಿದ್ದ.

ನಿಮ್ಮ ಪರವಾದ ತೀರ್ಪೂ ಇದೆ. 1983ರಲ್ಲಿ ಇಂಗ್ಲೆಂಡಿನ ಏವನ್ ಕೌಂಟಿ ಆಡಳಿತವು ಗಾಯಗೊಂಡು ರಜೆಯಲ್ಲಿದ್ದ ಶಿಕ್ಷಕರೊಬ್ಬರಿಗೆ ಹೆಚ್ಚಾಗಿ ಕೊಟ್ಟಿದ್ದ ವೇತನವನ್ನು ವಾಪಸು ಕೇಳಿ ಸೋತಿತು. ಆದರೆ ಆ ಹಣ ತನಗೆ ಸಲ್ಲಬೇಕಾದದ್ದೇ ಎಂದು ಆ ಶಿಕ್ಷಕರು ನಂಬಿದ್ದರು. ರಾಜೀನಾಮೆ ಪತ್ರಕ್ಕೆ ಸ್ವತಃ ಸಹಿ ಹಾಕಿದ ನೀವು ಏನೆಂದು ನಂಬಿದಿರಿ?

ಸಂಸ್ಥೆ ಎಂದೊಡನೆ ನಮಗೆ ಮುಖವಿಲ್ಲದ ತಿಜೋರಿ ಕಾಣುತ್ತದೆ, ಅಲ್ಲಿಂದ ಎಷ್ಟು ತೆಗೆದರೂ ಯಾರಿಗೂ ನೋವಿಲ್ಲವೆನ್ನಿಸುತ್ತದೆ. ಆದರೆ ಸಂಬಳದ ಪಟ್ಟಿ ತಯಾರಿಸುವವನಿಗೆ ಮುಖವಿದೆ. ನನ್ನ ಪರಿಚಯದ ಲೆಕ್ಕಿಗರೊಬ್ಬರು ಇಂಥದೇ ಒಂದು ಹೆಸರನ್ನು ಪಟ್ಟಿಯಿಂದ ತೆಗೆಯಲು ಮರೆತು, ವರ್ಷಾಂತ್ಯದ ಲೆಕ್ಕಪರಿಶೋಧನೆಯವರೆಗೂ ನಿದ್ದೆಗೆಟ್ಟು, ಕೊನೆಗೆ ಬಡ್ತಿಯನ್ನೂ ಕಳೆದುಕೊಂಡರು. ಹಣ ಪಡೆದಾತ ಅವರ ಫೋನ್ ಕರೆಯನ್ನೂ ಸ್ವೀಕರಿಸಲಿಲ್ಲ. ಸಂಬಳ ಒಂದು ದಿನ ತಡವಾದರೆ ಬೀದಿಗಿಳಿಯುವ ನಾವು, ಹೆಚ್ಚು ಬಂದಾಗ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ಜೇಬಿಗಿಳಿಸುವುದೂ ಗ್ರಂಥಾಲಯದ ಪುಸ್ತಕವನ್ನು ಮನೆಯಲ್ಲೇ ಇಟ್ಟುಕೊಳ್ಳುವುದೂ ಜಾಣತನವೆನಿಸಿಕೊಂಡಿವೆ. ಮಕ್ಕಳು ಇದನ್ನೆಲ್ಲ ನೋಡಿಯೇ ಕಲಿಯುತ್ತಾರೆ.

ಹಾಗೆಂದು ಅವರು ಕೇಳಿದಷ್ಟನ್ನೂ ಕಣ್ಣುಮುಚ್ಚಿ ಕೊಡಬೇಡಿ. ತೆರಿಗೆ ಕಡಿತವಾಗಿ ನಿಮ್ಮ ಕೈಗೆ ಬಂದದ್ದೆಷ್ಟು, ಅವರು ಕೇಳುತ್ತಿರುವುದು ಆ ಮೊತ್ತವನ್ನೋ ಕಡಿತಕ್ಕೂ ಮೊದಲಿನ ಪೂರ್ಣ ಮೊತ್ತವನ್ನೋ ಎಂದು ನೋಡಿ. ನಿಮಗೆ ಅವರಿಂದ ರಜೆಯ ಹಣ ಬರಬೇಕಿದ್ದರೆ ಅದನ್ನು ಇದರಲ್ಲಿ ಕಳೆಯಲು ಹೇಳಿ. ಒಮ್ಮೆಲೇ ಕೊಡಲಾಗದಿದ್ದರೆ ಕಂತು ಕೇಳಿ, ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ. ಕೊನೆಯ ಕಂತು ಕಟ್ಟಿದ ದಿನ 'ಬಾಕಿ ಇಲ್ಲ' ಎಂಬ ಪತ್ರವನ್ನೂ ಕೇಳಿ ತೆಗೆದುಕೊಳ್ಳಿ.

– ಸಂಪಾದಕ