ಚರಂಡಿ ಕೆಲಸದ ಬಗ್ಗೆ ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆ, 'ಮಾಹಿತಿ ಲಭ್ಯವಿಲ್ಲ' ಅಂತ ಉತ್ತರ ಬಂದಿದೆ. ಮೇಲ್ಮನವಿ ಹಾಕಲೇ?

ಸದ್ಯಕ್ಕೆ ಬೇಡ. ಮೊದಲು ಅರ್ಜಿಯನ್ನೇ ಬೇರೆ ಥರ ಬರೆಯಿರಿ.

ನೀವು ಕೇಳಿರೋದು "ನಮ್ಮ ಬೀದಿಯ ಚರಂಡಿ ಕೆಲಸ ಯಾಕೆ ಅರ್ಧಕ್ಕೆ ನಿಂತಿದೆ, ಇದಕ್ಕೆ ಯಾರು ಹೊಣೆ?" ಅಂತ. ನ್ಯಾಯವಾದ ಪ್ರಶ್ನೆಯೇ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಕಚೇರಿ ಕೊಡಬೇಕಾದ್ದು ತನ್ನಲ್ಲಿ ದಾಖಲೆಯಾಗಿ ಇರೋದನ್ನು. 'ಯಾಕೆ' ಅನ್ನೋದಕ್ಕೆ ಹೊಸದಾಗಿ ವಿವರಣೆ ಬರೆದುಕೊಡಬೇಕಿಲ್ಲ. ಸಿಬಿಎಸ್‌ಇ ಉತ್ತರಪತ್ರಿಕೆ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಇಂಥ ಅರ್ಜಿಗಳ ಟೇಬಲ್ ನೋಡಿಕೊಂಡವನು. ಅರ್ಜಿ ಟಪಾಲಿನಲ್ಲಿ ಬಂದು, ನಂಬರ್ ಬಿದ್ದು, ಸಾಹೇಬರ ಸಹಿಯಾಗಿ ಕೇಸ್ ವರ್ಕರ್ ಕೈಗೆ ಬರುತ್ತೆ. ಅವನು ಮೊದಲು ನೋಡೋದು ಯಾವ ಕಡತ ತೆಗೀಬೇಕು ಅಂತ. ಅದು ಅರ್ಜಿಯಲ್ಲೇ ಸ್ಪಷ್ಟವಾಗಿದ್ದರೆ ಬೀರು ಬಾಗಿಲು ತೆರೆಯುತ್ತೆ. ಬರೀ ಪ್ರಶ್ನೆಗಳಿದ್ದರೆ ಬೀರು ತನಕ ಯಾರೂ ಹೋಗಲ್ಲ. ಹಿಂದಿನ ಯಾವುದೋ ಉತ್ತರದಲ್ಲಿ ಹೆಸರು, ದಿನಾಂಕ ಬದಲಿಸಿದರೆ ಮುಗೀತು.

ಹಾಗಾಗಿ ಕಾಗದಗಳನ್ನೇ ಹೆಸರು ಹಿಡಿದು ಕೇಳಿ. ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಪಾವತಿಯಾದ ಬಿಲ್ಲುಗಳು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಕಡತದ ಟಿಪ್ಪಣಿ ಹಾಳೆಗಳು. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಬರೆಯೋದು ಮರೀಬೇಡಿ. ಟಿಪ್ಪಣಿ ಹಾಳೆಯನ್ನು ಬಹಳ ಜನ ಕೇಳೋದೇ ಇಲ್ಲ. ನಿಮ್ಮ 'ಯಾಕೆ'ಗೆ ಉತ್ತರ ಇದ್ದರೆ ಅಲ್ಲೇ ಇರುತ್ತೆ, ಯಾರು ಏನು ಬರೆದು ಕಡತ ಮೇಲೆ ಕಳಿಸಿದರು ಅನ್ನೋದು ಸಹಿ ಸಮೇತ. ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಎಷ್ಟು ಮೀಟರ್ ಬರೆದಿದ್ದಾರೆ ಅನ್ನೋದು ಕೈಗೆ ಸಿಕ್ಕರೆ, ಒಂದು ಟೇಪು ಹಿಡಿದು ನಿಮ್ಮ ಬೀದಿಗೆ ಹೋದರೆ ಸಾಕು.

ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ. ಯಾಕೆ ಬೇಕು ಅಂತ ಬರೆಯೋ ಅಗತ್ಯವಿಲ್ಲ. ಫೋನ್ ಮಾಡಿ "ಯಾಕೆ ಸಾರ್, ಏನಾದ್ರೂ ತೊಂದರೆನಾ?" ಅಂತ ವಿಚಾರಿಸೋರು ಇರ್ತಾರೆ, ಅದಕ್ಕೂ ಕಾರಣ ಹೇಳಬೇಕಿಲ್ಲ.

ನನ್ನನ್ನು ಕೇಳಿದರೆ ಪ್ರತಿಗಳಿಗಿಂತ ಮೊದಲು ಕಡತ ಪರಿಶೀಲನೆಗೇ ಅವಕಾಶ ಕೇಳಿ. ಅದೂ ಕಾಯ್ದೆ ಕೊಟ್ಟಿರೋ ಹಕ್ಕೇ. ಕಚೇರಿಗೆ ಹೋಗಿ ಕೂತು ಓದಿ, ಬೇಕಾದ ಪುಟಗಳನ್ನಷ್ಟೇ ಗುರುತು ಮಾಡಿ ಪ್ರತಿ ಕೇಳಬಹುದು. ಜೆರಾಕ್ಸ್ ಕೆಲಸ ತಪ್ಪುತ್ತೆ ಅಂತ ಸಿಬ್ಬಂದಿಗೂ ಖುಷಿ! ಓದುವಾಗ ಪುಟಸಂಖ್ಯೆ ಗಮನಿಸಿ. 34 ಆದಮೇಲೆ 37 ಬಂದರೆ ಅಲ್ಲೇ ಬರೆದಿಟ್ಟುಕೊಳ್ಳಿ.

ಹೀಗೆ ಕೇಳಿದ ಮೇಲೂ 'ಲಭ್ಯವಿಲ್ಲ' ಅಂದರೆ ಆಗ ವಿಷಯ ಬೇರೆ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ (ಅಳತೆ ಪುಸ್ತಕ ಎಂಜಿನಿಯರಿಂಗ್ ಉಪವಿಭಾಗದಲ್ಲಿ ಇರೋದುಂಟು) ಸೆಕ್ಷನ್ 6(3)ರಂತೆ 5 ದಿನದೊಳಗೆ ಅರ್ಜಿಯನ್ನು ಅವರೇ ಅಲ್ಲಿಗೆ ವರ್ಗಾಯಿಸಬೇಕು, ನಿಮ್ಮನ್ನು ಅಲೆಸೋ ಹಾಗಿಲ್ಲ. ಗುತ್ತಿಗೆದಾರರ ಖಾಸಗಿ ಮಾಹಿತಿ ಇದೆ ಅಂತ ನೆಪ ತೆಗೆದರೆ ಸೆಕ್ಷನ್ 10 ತೋರಿಸಿ: ಬ್ಯಾಂಕ್ ಖಾತೆ ಸಂಖ್ಯೆಯಂಥದ್ದನ್ನು ಮರೆಮಾಡಿ ಉಳಿದದ್ದನ್ನು ಕೊಡಲಿ. 30 ದಿನ ಕಳೆದರೂ ಉತ್ತರವೇ ಬರದಿದ್ದರೆ ಅದು ನಿರಾಕರಣೆಗೆ ಸಮ, ಆಮೇಲೆ ಕೊಡೋ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ.

ಆಗ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮೇಲ್ಮನವಿ ಯಾರಿಗೆ ಅನ್ನೋದನ್ನು ನಿರಾಕರಿಸಿದ ಪತ್ರದಲ್ಲೇ ತಿಳಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು, ಅದೂ ಅಧಿಕಾರಿಯ ಜೇಬಿನಿಂದ. ಆದರೆ ಅಲ್ಲಿ ಸರದಿ ಬರೋಕೆ ತುಂಬಾ ಕಾಯಬೇಕು, ದಂಡದ ಆಸೆಗೆ ಹೋಗಬೇಡಿ. ಮೊದಲ ಮೇಲ್ಮನವಿಯ ವಿಚಾರಣೆಗೆ ಕರೆದರೆ ತಪ್ಪಿಸದೆ ಹೋಗಿ. ಕಡತ ಎಲ್ಲೆಲ್ಲಿ ಹುಡುಕಿದ್ದೀರಿ, ಬರೆದುಕೊಡಿ ಅಂತ ಅಲ್ಲಿ ಕೇಳಿದರೆ, ಕಳೆದುಹೋಯ್ತು ಅಂದಿದ್ದ ಎಷ್ಟೋ ಕಡತ ಮುಂದಿನ ವಾರವೇ ಸಿಕ್ಕಿದ್ದನ್ನು ನಾನು ನೋಡಿದ್ದೀನಿ.