ಕೇಳಿ, ಹೇಳ್ತೇನೆ: ಮ್ಯಾಪಿನಲ್ಲಿ ಐದನೇ ಲೈನ್ ಎಲ್ಲಿ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮುಂದಿನ ತಿಂಗಳು ವಿಯೆನ್ನಾಗೆ ಹೊರಟಿದ್ದೇನೆ. ಮೂರು ತಿಂಗಳು ಅಲ್ಲೇ. ಅಳಿಯಂದಿರು ಅಲ್ಲಿಯ ಮೆಟ್ರೋ ಮ್ಯಾಪನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಯು1, ಯು2, ಯು3, ಯು4 ಇದೆ, ಆಮೇಲೆ ನೇರ ಯು6. ಐದು ಎಲ್ಲಿ ಹೋಯಿತು? ಸ್ಟೇಷನ್‌ನಲ್ಲಿ ಗೇಟೂ ಇಲ್ಲವಂತೆ. ನನಗೆ ಜರ್ಮನ್ ಒಂದಕ್ಷರ ಬರುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸುವಾಗಲೇ ತಬ್ಬಿಬ್ಬಾಗುತ್ತೇನೆ. ಅಲ್ಲಿ ಒಬ್ಬಳೇ ಓಡಾಡಬಹುದಾ, ಅಕ್ಕಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಂದ ನೇರಳೆ ಲೈನಿಗೆ ಹೋಗಿ ಸೇರುವವರಿಗೆ ವಿಯೆನ್ನಾ ಯಾವ ಲೆಕ್ಕ ಬಿಡಿ! ನಾನು ಅಲ್ಲಿ ಎರಡು ಬಾಣಂತನ ಮುಗಿಸಿ ಬಂದವಳು. ಮೊದಲ ವಾರ ಹೆದರಿದ್ದು ನಿಜ. ಎರಡನೇ ವಾರಕ್ಕೆ ಮಗಳಿಗೇ ದಾರಿ ಹೇಳುತ್ತಿದ್ದೆ.

ಮೊದಲು ಐದರ ಕಥೆ. ಹಿಂದೆ ಯೋಜನೆ ಮಾಡುವಾಗ ಲೈನುಗಳಿಗೆ ಕಾಗದದ ಮೇಲೆ ನಂಬರ್ ಕೊಟ್ಟರು. ಐದನೆಯದನ್ನು ಕಟ್ಟಲಿಲ್ಲ. ಆರಕ್ಕೆ ಆರೇ ಉಳಿಯಿತು. ಈಗ ಐದನ್ನೂ ಅಗೆಯುತ್ತಿದ್ದಾರೆ. ಯು2 ಲೈನಿನ ಹಳೆಯ ಸುರಂಗದ ಒಂದು ತುಂಡು ಅದರ ಪಾಲಿಗೆ ಬರುತ್ತದೆ, ಯು2 ಹೊಸ ಸುರಂಗದಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. 2030ರ ಹೊತ್ತಿಗೆ ಅಂತಿದ್ದಾರೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಲೈನಿನ ಬಣ್ಣ, ನಂಬರ್ ನೆನಪಿದ್ದರೆ ಅರ್ಧ ಕೆಲಸ ಆಯಿತು. ಯು1 ಕೆಂಪು, ಯು2 ನೇರಳೆ, ಯು3 ಕಿತ್ತಳೆ, ಯು4 ಹಸಿರು, ಯು6 ಕಂದು. ಉಳಿದರ್ಧ ಕೊನೆಯ ಸ್ಟೇಷನ್‌ನ ಹೆಸರು. ನಾವು ಚಲ್ಲಘಟ್ಟ ಕಡೆ, ವೈಟ್‌ಫೀಲ್ಡ್ ಕಡೆ ಅನ್ನುವುದಿಲ್ಲವಾ, ಹಾಗೇ. ಯು4 ಅಂದರೆ ಒಂದು ಕಡೆ ಹ್ಯೂಟೆಲ್‌ಡೋರ್ಫ್, ಇನ್ನೊಂದು ಕಡೆ ಹೈಲಿಗೆನ್‌ಷ್ಟಾಟ್. ನಾನು ಇವನ್ನು ಕನ್ನಡದಲ್ಲಿ ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಉಚ್ಚಾರಣೆ ಹೇಗಾದರೂ ಇರಲಿ, ಬೋರ್ಡಿನ ಮೊದಲ ಎರಡು ಅಕ್ಷರ ಹೊಂದಿಸಿಕೊಂಡರೆ ಸಾಕು. ಆದರೆ ಈ ಎರಡೂ ಹೆಸರು ಇಂಗ್ಲಿಷ್ 'ಎಚ್' ಅಕ್ಷರದಿಂದಲೇ ಶುರು. ಹಾಗಾಗಿ ನಾನು ಒಂದು ದಿನ ಅರಮನೆ ಕಡೆ ಹೋಗಬೇಕಾದವಳು ಕಾಲುವೆ ಕಡೆ ಹೋಗಿದ್ದೆ. ಎರಡನೇ ಅಕ್ಷರವನ್ನೂ ನೋಡಿ.

ಇನ್ನು ಗೇಟು. ನಿಜಕ್ಕೂ ಇಲ್ಲ. ಮೆಟ್ಟಿಲು ಇಳಿದರೆ ನೇರ ಪ್ಲಾಟ್‌ಫಾರ್ಮ್. ಹಾಗಂತ ಪುಕ್ಕಟೆ ಅಲ್ಲ. ಒಳಗೆ ಹೋಗುವ ಜಾಗದಲ್ಲಿ ಒಂದು ನೀಲಿ ಪೆಟ್ಟಿಗೆ ಇರುತ್ತದೆ. ಮುದ್ರೆ ಬೀಳಬೇಕಾದ ಟಿಕೆಟ್ ಆದರೆ ಅದರ ಬಾಯಿಗೆ ತೂರಿಸಬೇಕು, ತಾರೀಖು, ಹೊತ್ತು ಅಚ್ಚಾಗಿ ಬರುತ್ತದೆ. ಟಿಕೆಟ್ ಕೊಂಡೆ, ಮುದ್ರೆ ಮರೆತೆ ಅಂದರೆ ಕೇಳುವುದಿಲ್ಲ. ಮಾಮೂಲಿ ಬಟ್ಟೆಯಲ್ಲೇ ತಪಾಸಣೆಯವರು ಬರುತ್ತಾರೆ. ದಂಡ ನೂರು ಯೂರೋ ಮೀರುತ್ತದೆ, ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಜಾಸ್ತಿ. ಇಲ್ಲಿ ಗೇಟು ಎದೆಗೆ ತಾಗಿದಾಗ ಕಾರ್ಡು ನೆನಪಾಗುತ್ತದೆ, ಅಲ್ಲಿ ನೆನಪಿಸುವವರಿಲ್ಲ. ಮೂರು ತಿಂಗಳು ಇರುವವರು ಸುಮ್ನೆ ಪಾಸ್ ಮಾಡಿಸಿಕೊಳ್ಳಿ, ಅಳಿಯಂದಿರಿಗೆ ಹೇಳಿ. ಏರ್‌ಪೋರ್ಟ್ ಮಾತ್ರ ಊರಿನ ವಲಯದ ಹೊರಗಿದೆ, ಅದಕ್ಕೆ ಬೇರೆ ಟಿಕೆಟ್ ಸೇರಿಸಬೇಕು.

ಈಗ ನನ್ನ ಮರ್ಯಾದೆ ಹೋದ ಸಂಗತಿ. 2016ರ ಬೇಸಿಗೆ. ನಾಷ್‌ಮಾರ್ಕ್ಟ್ ಅನ್ನುವ ದೊಡ್ಡ ತರಕಾರಿ ಮಾರ್ಕೆಟ್ಟಿನ ಪಕ್ಕದ ಸ್ಟೇಷನ್, ಯು4 ಲೈನಿನದು. ಎರಡೂ ಕೈಯಲ್ಲಿ ಚೀಲ. ರೈಲು ಬಂತು, ನಿಂತಿತು. ನಾನು ಬಾಗಿಲ ಮುಂದೆ ನಿಂತೆ, ಅದು ತೆರೆದುಕೊಳ್ಳಲಿ ಅಂತ. ತೆರೆಯಲಿಲ್ಲ. ಒಳಗೆ ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ರೈಲು ಹೊರಟೇ ಹೋಯಿತು! ಅಲ್ಲಿ ಬಾಗಿಲು ತಾನಾಗಿ ತೆರೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಹಳೆಯ ಬೋಗಿಯಲ್ಲಿ ಹಿಡಿ ಎಳೆಯಬೇಕು, ಹೊಸದರಲ್ಲಿ ಬಟನ್ ಒತ್ತಬೇಕು. ಒಂದು ಕೈ ಖಾಲಿ ಇಟ್ಟುಕೊಳ್ಳಿ.

ಬಾಗಿಲು ಮುಚ್ಚುವ ಮುಂಚೆ 'ತ್ಸುರೂಕ್‌ಬ್ಲೈಬನ್ ಬಿಟ್ಟೆ' ಅನ್ನುತ್ತಾರೆ. ದಯವಿಟ್ಟು ಹಿಂದೆ ನಿಲ್ಲಿ ಅಂತ. 'ಬಿಟ್ಟೆ' ಅಂದರೆ ದಯವಿಟ್ಟು. ಅವರು ಬಿಟ್ಟೆ ಅಂದಮೇಲೆ ಗಾಡಿ ಬಿಟ್ಟಂತೆಯೇ, ಓಡಬೇಡಿ. ಇನ್ನೊಂದು ಬರುತ್ತದೆ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ನಡೆಯುವವರದು.

ಅಂದಹಾಗೆ, ಸಬ್ಬಸಿಗೆ ಸೊಪ್ಪು ಸಿಗುತ್ತೋ ಇಲ್ಲವೋ ಅಂತ ಚಿಂತೆ ಬೇಡ. 'ಡಿಲ್' ಅಂತ ಕೇಳಿ. ಭಾನುವಾರ ಮಾತ್ರ ಆ ಮಾರ್ಕೆಟ್ ಮುಚ್ಚಿರುತ್ತದೆ. ಶನಿವಾರವೇ ತಂದಿಡಿ.

ಪ್ರಶ್ನೆ: ವಿಯೆನ್ನಾ ಮೆಟ್ರೋ ಲಂಡನ್ ಮೆಟ್ರೋದಷ್ಟು ಹಳೆಯದಾ?
– ಕಾಲೇಜು ವಿದ್ಯಾರ್ಥಿ, ಬಸವನಗುಡಿ

ಉತ್ತರ: ಲಂಡನ್ನಿನದು 1863ರದು, ಅದರ ಮುಂದೆ ಎಲ್ಲವೂ ಕಿರಿದೇ. ವಿಯೆನ್ನಾದಲ್ಲಿ ಯು1 ಶುರುವಾಗಿದ್ದು 1978ರ ಫೆಬ್ರವರಿ 25ಕ್ಕೆ. ಆದರೆ ಯು4, ಯು6 ಓಡುವ ದಾರಿ ಬಹುಪಾಲು 1898ರಿಂದ ಇದ್ದ ಉಗಿಬಂಡಿಯ ನಗರ ರೈಲಿನದು. ಅದರ ಸ್ಟೇಷನ್, ಸೇತುವೆ, ಕಂಬಿಗಳನ್ನೆಲ್ಲ ವಿನ್ಯಾಸ ಮಾಡಿದವರು ಒಟ್ಟೊ ವಾಗ್ನರ್ ಅನ್ನುವ ವಾಸ್ತುಶಿಲ್ಪಿ. ಅವರ ಹಸಿರು ಕಂಬಿಗಳು ಈಗಲೂ ಇವೆ. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಚಿನ್ನದ ಬಣ್ಣದ ಹೂವಿನ ಎರಡು ಪುಟ್ಟ ಮಂಟಪಗಳಿವೆ, ನೋಡಿದರೆ ರೈಲಿನ ಬಾಗಿಲು ಅನ್ನಿಸುವುದೇ ಇಲ್ಲ. ಬೇರೆ ಲೈನುಗಳಿಗೆ ನಮ್ಮ ಮೆಟ್ರೋದ ಹಾಗೆ ಹಳಿಯ ಪಕ್ಕದ ಮೂರನೇ ಹಳಿಯಿಂದ ಕರೆಂಟ್, ಯು6ಗೆ ಮಾತ್ರ ಮೇಲಿನ ತಂತಿಯಿಂದ.

ನನಗೆ ಜಾಸ್ತಿ ಇಷ್ಟವಾಗಿದ್ದು ಷ್ಟೆಫಾನ್ಸ್‌ಪ್ಲಾಟ್ಸ್. ಊರ ನಡುವಿನ ದೊಡ್ಡ ಚರ್ಚಿನ ಮುಂದೆ ಮೆಟ್ರೋಗೆ ಅಗೆಯುವಾಗ, 1973ರಲ್ಲಿ, ನೆಲದಡಿ ಹದಿಮೂರನೇ ಶತಮಾನದ ಒಂದು ಪ್ರಾರ್ಥನಾ ಮಂದಿರ ಸಿಕ್ಕಿತು. ಕೆ.ಆರ್. ಮಾರ್ಕೆಟ್ ಹತ್ತಿರ ಅಗೆದಾಗ ನಮಗೂ ಹಳೆಯ ಫಿರಂಗಿ ಸಿಕ್ಕಿತ್ತಲ್ಲ, ಹಾಗೆ. ಅವರು ಅದನ್ನು ಅಲ್ಲೇ ಉಳಿಸಿಕೊಂಡು ಪಕ್ಕದಲ್ಲೇ ಸ್ಟೇಷನ್ ಕಟ್ಟಿದರು. ಲೈನ್ ಬದಲಿಸಲು ಓಡುವವರ ಮಧ್ಯೆ ಒಂದು ಗಾಜಿನ ಕಿಟಕಿ. ಅದಕ್ಕೆ ಮೂಗು ಒತ್ತಿ ನೋಡಿದರೆ ಕೆಳಗೆ ಮಬ್ಬು ಬೆಳಕಿನಲ್ಲಿ ಕಲ್ಲಿನ ಗೋಡೆ. ಮೊಮ್ಮಗಳನ್ನು ಎತ್ತಿಕೊಂಡು ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ, ಅವಳು ಹೆಗಲ ಮೇಲೇ ನಿದ್ದೆ ಹೋಗಿದ್ದಳು.

ಪ್ರಶ್ನೆ: ಮೆಟ್ರೋದಲ್ಲಿ ತಿಂಡಿ ತಿನ್ನಬಾರದು ಅನ್ನುವ ಕಿರಿಕಿರಿ ನಮ್ಮಲ್ಲಿ ಮಾತ್ರವಾ?
– ಹಸಿದವರು, ಯಶವಂತಪುರ

ಉತ್ತರ: ಇಲ್ಲ ಸ್ವಾಮಿ. ವಿಯೆನ್ನಾದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಮೊದಲು ಯು6ಗೆ ನಿಷೇಧ ಬಂತು, 2019ರ ಜನವರಿಯಿಂದ ಎಲ್ಲ ಲೈನಿಗೂ. ಅದೇ ವರ್ಷ ನಾನು ಎರಡನೇ ಸಲ ಹೋದಾಗ ಚೀಲದಲ್ಲಿ ಕೋಡುಬಳೆ ಇತ್ತು. ಇಳಿಯುವವರೆಗೂ ಡಬ್ಬಿ ತೆಗೆಯಲಿಲ್ಲ.